ನರಸಾಪುರ, ವೇಮಗಲ್ ಕಡೆ ಹೊರರಾಜ್ಯದ ಕೆಲಸಗಾರರಿಗೆ ಕನ್ನಡ ಕಲಿಸೋದು ಹೇಗೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಸಂಜೆ ಹೊತ್ತು ಯಾವುದಾದರೂ ಚಿಲ್ಲರೆ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಅಂಗಡಿಯಮ್ಮ ಕನ್ನಡದವರೋ, ತೆಲುಗು ಮನೆಮಾತಿನವರೋ. ಕೊಳ್ಳೋಕೆ ಬಂದವನು ಒಡಿಶಾದವನು. ವ್ಯಾಪಾರ ಮಾತ್ರ ಇಬ್ಬರಿಗೂ ಸರಿಯಾಗಿ ಬಾರದ ಹಿಂದಿಯಲ್ಲಿ ನಡೀತಿರುತ್ತೆ. ಅವನು ಹೋದ ಮೇಲೆ ಪಕ್ಕದಲ್ಲಿ ನಿಂತವರು ಅನ್ನೋದು: "ವರ್ಷ ಆಯ್ತು ಬಂದು, ಒಂದಕ್ಷರ ಕನ್ನಡ ಕಲಿತಿಲ್ಲ ನೋಡಿ."

ಕಲಿಯೋಕೆ ಅವನಿಗೆ ಕನ್ನಡ ಕಿವಿಗೆ ಬಿದ್ದಿದ್ದಾದರೂ ಎಲ್ಲಿ? ಹೊಸಬರು ಬಂದ ಮೊದಲ ಒಂದೂವರೆ ತಿಂಗಳಲ್ಲಿ ಊರಿನ ಮಾತು ಯಾವುದು ಅಂತ ತೀರ್ಮಾನ ಮಾಡಿಕೊಳ್ಳುತ್ತಾರೆ. ಆ ಒಂದೂವರೆ ತಿಂಗಳು ನಾವು ಹಿಂದಿಯಲ್ಲಿ ಮಾತಾಡಿದರೆ ಆಮೇಲೆ ಗದರಿ ಪ್ರಯೋಜನವಿಲ್ಲ. ಅದರಲ್ಲೂ ಹಿಂದಿಯಲ್ಲೇ ಗದರಿ! ಹಾಗಾಗಿ ಈ ಬರಹದಲ್ಲಿ ತರಗತಿ ನಡೆಸುವವರಿಗೆ ಎಷ್ಟು ಕೆಲಸ ಇದೆಯೋ, ಅಂಗಡಿಯವರಿಗೆ, ಮನೆ ಮಾಲೀಕರಿಗೆ, ಸೂಪರ್‌ವೈಸರ್‌ಗಳಿಗೂ ಹೆಚ್ಚುಕಮ್ಮಿ ಅಷ್ಟೇ ಇದೆ. ವಸಂತನರಸಾಪುರ, ಗೌರಿಬಿದನೂರು ಕಡೆಯವರು ಊರಿನ ಹೆಸರು ಬದಲಿಸಿಕೊಂಡು ಇದನ್ನೇ ಬಳಸಬಹುದು.

ಯಾವಾಗ, ಎಲ್ಲಿ, ಎಷ್ಟು ಜನ

ನವೆಂಬರ್ 1ಕ್ಕೆ ಶುರು ಮಾಡಬೇಡಿ. ರಾಜ್ಯೋತ್ಸವದ ದಿನ ಉದ್ಘಾಟನೆ ಆದ ತರಗತಿಯಲ್ಲಿ ಮುಖ್ಯ ಅತಿಥಿಗಳ ಫೋಟೋ ಉಳಿಯುತ್ತೆ, ಕಲಿಯುವವರು ಉಳಿಯಲ್ಲ. ಕಾರಣ ಸರಳ: ದುರ್ಗಾಪೂಜೆ, ದೀಪಾವಳಿ, ಛಟ್ ಎಲ್ಲ ಆ ಆಸುಪಾಸಿನಲ್ಲೇ ಬರುತ್ತವೆ, ಹಿಂದೆಯೇ ಭತ್ತದ ಕೊಯ್ಲು. ಅರ್ಧ ಜನ ರೈಲಿನಲ್ಲಿರುತ್ತಾರೆ. ಸಂಕ್ರಾಂತಿ ಕಳೆದ ಮೇಲಿನ ವಾರ ಶುರು ಮಾಡಿ, ಯುಗಾದಿಯೊಳಗೆ ಮುಗಿಸೋದು ಒಳ್ಳೇದು. ವಾರಕ್ಕೆ 3 ತರಗತಿಯಂತೆ 8 ವಾರ, ಒಟ್ಟು 24. ಮಧ್ಯೆ ಹೋಳಿ ಬಂದರೆ ಒಂದು ವಾರ ಬಿಟ್ಟುಕೊಡಿ. ಎರಡನೇ ತಂಡಕ್ಕೆ ಜುಲೈ ಸರಿ. ಜೂನ್ ಮಧ್ಯದಲ್ಲಿ ಒಡಿಶಾದವರಿಗೆ 'ರಜ' ಅನ್ನುವ ಹಬ್ಬ ಇರುತ್ತೆ, ಅದು ಮುಗಿದಿರುತ್ತೆ.

ಒಂದು ತರಗತಿ 45 ನಿಮಿಷ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದವರಿಗೆ ಅದಕ್ಕಿಂತ ಹೆಚ್ಚು ಹೇಳಿದರೆ ನಿದ್ದೆ ಬರುತ್ತೆ, ಬರಲೇಬೇಕು. ತಂಡಕ್ಕೆ 12ರಿಂದ 15 ಜನ. ಇಪ್ಪತ್ತು ದಾಟಿದರೆ ಹಿಂದಿನ ಸಾಲು ಬಾಯೇ ಬಿಡಲ್ಲ, ಮತ್ತು ಇದು ಪೂರ್ತಿ ಬಾಯಿಯ ಕೆಲಸ.

ಹೆಚ್ಚಿನ ತರಗತಿಗಳು ಮುಳುಗೋದು ಶಿಫ್ಟಿನಿಂದ. ಬೆಳಗ್ಗೆ 6ರಿಂದ 2, 2ರಿಂದ 10, ರಾತ್ರಿ 10ರಿಂದ 6 ಅಂತ ಮೂರು ಪಾಳಿ ಇರುವ ಕಡೆ, ಈ ವಾರ ಸಂಜೆ ಬಿಡುವಿದ್ದವನಿಗೆ ಮುಂದಿನ ವಾರ ಇರಲ್ಲ. ಅದಕ್ಕೆ ಒಂದೇ ಪಾಠವನ್ನು ಅದೇ ದಿನ ಎರಡು ಸಲ ಮಾಡಿ: ಬೆಳಗ್ಗೆ 11ಕ್ಕೊಂದು, ಸಂಜೆ 7ಕ್ಕೊಂದು. ಯಾರು ಯಾವುದಕ್ಕಾದರೂ ಬರಬಹುದು. ಭಾನುವಾರ ಒಂದೇ ತರಗತಿ ಇಟ್ಟರೆ ಬಟ್ಟೆ ಒಗೆಯೋದು, ಸಂತೆ, ಊರಿಗೆ ಫೋನು, ಇದರ ನಡುವೆ ಪಾಠ ಸೋಲುತ್ತೆ.

ಜಾಗ ಅವರಿರುವ ಕಡೆಯೇ ಇರಲಿ. ಬಾಡಿಗೆ ರೂಮುಗಳ ಮಹಡಿ, ಪಿ.ಜಿ. ಊಟದ ಹಾಲ್, ತಗಡಿನ ಶೆಡ್ಡುಗಳ ಅಂಗಳ, ಯಾವುದಾದರೂ ಆದೀತು. ಕೋಲಾರ ಪೇಟೆಯ ಭವನಕ್ಕೆ ಬನ್ನಿ ಅಂದರೆ ಬಸ್ ಚಾರ್ಜು ಕೊಟ್ಟು ಯಾರು ಬರುತ್ತಾರೆ? 4 ಅಡಿಗೆ 3 ಅಡಿಯ ಒಂದು ವೈಟ್‌ಬೋರ್ಡ್, ಎರಡು ಬಣ್ಣದ ಪೆನ್ನು, ಒಂದು ಚೀಲದ ತುಂಬ ಸಾಮಾನು ಸಾಕು.

ಹಾಜರಿ ಪುಸ್ತಕದಲ್ಲಿ ಹೆಸರು, ಯಾವ ಪಾಳಿ, ಇಷ್ಟೇ ಬರೆದುಕೊಳ್ಳಿ. ಆಧಾರ್ ಕೇಳಬೇಡಿ. ಬಂಗಾಳಿ ಮಾತಾಡುವವರನ್ನೆಲ್ಲ ಬಾಂಗ್ಲಾದೇಶದವರೇ ಅಂತ ಅನುಮಾನದಿಂದ ನೋಡುವ ಕಾಲ ಇದು. ಪಶ್ಚಿಮ ಬಂಗಾಳ, ತ್ರಿಪುರ, ಅಸ್ಸಾಮಿನ ಬರಾಕ್ ಕಣಿವೆಯವರ ಮಾತೂ ಬಂಗಾಳಿಯೇ. ದಾಖಲೆ ನೋಡೋದು ಪೊಲೀಸರ ಕೆಲಸ. ಮೇಷ್ಟ್ರು ಆ ಕೆಲಸಕ್ಕೆ ಕೈ ಹಾಕಿದರೆ ಮಾರನೇ ದಿನ ರೂಮು ಖಾಲಿ.

ಮೊದಲ ತಿಂಗಳು: ಬದಲಾಗದ ಮಾತುಗಳು

ಪುಸ್ತಕಗಳು "ನಾನು ಹೋಗುತ್ತೇನೆ, ನೀನು ಹೋಗುತ್ತೀಯೆ, ಅವನು ಹೋಗುತ್ತಾನೆ" ಅಂತ ಶುರುವಾಗುತ್ತವೆ. ಹಾಗೆ ಶುರು ಮಾಡಿದರೆ ಮೂರನೇ ದಿನಕ್ಕೆ ಅರ್ಧ ಜನ ಬಿಡುತ್ತಾರೆ. ಬಂಗಾಳಿ, ಒಡಿಯಾ, ಅಸ್ಸಾಮಿ ಮಾತುಗಳಲ್ಲಿ ಕ್ರಿಯಾಪದ ಗಂಡು ಹೆಣ್ಣು ನೋಡಿ ಬದಲಾಗಲ್ಲ. ಅವರಿಗೆ ಹೋಗ್ತಾನೆ, ಹೋಗ್ತಾಳೆ, ಹೋಗುತ್ತೆ ಮೂರೂ ಒಟ್ಟಿಗೆ ತಲೆಗೆ ಹತ್ತಲ್ಲ.

ಅದೃಷ್ಟಕ್ಕೆ, ಯಾರು ಹೇಳಿದರೂ ರೂಪ ಬದಲಾಗದ ಮಾತುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಬೇಕು, ಬೇಡ, ಇದೆ, ಇಲ್ಲ, ಗೊತ್ತು, ಗೊತ್ತಿಲ್ಲ, ಆಗುತ್ತೆ, ಆಗಲ್ಲ, ಸಾಕು. ಮೊದಲ ದಿನ ಈ ಒಂಬತ್ತೇ. ಜೊತೆಗೆ ಏನು, ಎಲ್ಲಿ, ಎಷ್ಟು, ಯಾವಾಗ. ಸಾಮಾನಿನ ಚೀಲದಿಂದ ಉಪ್ಪಿನ ಪೊಟ್ಟಣ, ನಂದಿನಿ ಹಾಲಿನ ಪ್ಯಾಕೆಟ್, ಬಸ್ ಟಿಕೆಟ್, ಮಾತ್ರೆ ಪಟ್ಟಿ, ಸ್ಪ್ಯಾನರ್ ಒಂದೊಂದೇ ತೆಗೆದು "ಬೇಕಾ? ಬೇಡವಾ? ಇದೆಯಾ? ಎಷ್ಟು?" ಅಂತ ಸುತ್ತು ಹಾಕಿ. 45 ನಿಮಿಷದಲ್ಲಿ ಪ್ರತಿಯೊಬ್ಬರ ಬಾಯಿಂದ ಕನಿಷ್ಠ ಮೂವತ್ತು ಸಲ ಉತ್ತರ ಬರಬೇಕು. ನೀವು ಮಾತಾಡಿದ್ದು ಅದಕ್ಕಿಂತ ಜಾಸ್ತಿಯಾದರೆ ಅದು ಪಾಠವಲ್ಲ, ಭಾಷಣ.

ಎರಡನೇ ವಾರ ಕ್ರಿಯಾಪದ ಸೇರಿಸಿ, ಆಗಲೂ ಬದಲಾಗದ ರೂಪದಲ್ಲೇ: ಮಾಡಬೇಕು, ಮಾಡಬಹುದು, ಮಾಡಬಾರದು, ಮಾಡಲ್ಲ. "ನಾನು ಬರಲ್ಲ, ಅವನು ಬರಲ್ಲ, ಅವರು ಬರಲ್ಲ": ಎಲ್ಲಕ್ಕೂ ಒಂದೇ. "ಬರುವುದಿಲ್ಲ" ಕಲಿಸಬೇಡಿ, ಊರಲ್ಲಿ ಯಾರೂ ಹಾಗೆ ಮಾತಾಡಲ್ಲ. ಇದೆ ಅಂತ ಕಲಿಸಿ, ಆದರೆ ಹಳ್ಳಿಯವರ "ಐತೆ" ಕೇಳಿದರೆ ಗುರುತು ಸಿಗುವಂತೆ ಮಾಡಿ. ಆರು ಕ್ರಿಯಾಪದ ಸಾಕು: ಬಾ, ಹೋಗು, ಕೊಡು, ತಗೋ, ಮಾಡು, ಹೇಳು. ಬಂದೆ, ಹೋದೆ, ಕೊಟ್ಟೆ, ತಗೊಂಡೆ ಅಂತ ಭೂತಕಾಲ ಅಡ್ಡಾದಿಡ್ಡಿ ಹೋಗುವುದರಿಂದ ಅದನ್ನು ಐದನೇ ವಾರಕ್ಕೆ ಇಟ್ಟುಕೊಳ್ಳಿ, ಸೂತ್ರ ಹೇಳದೆ ಹಾಗೇ ಬಾಯಿಪಾಠ ಮಾಡಿಸಿ.

ಪದಗಳ ಸಾಲಿನ ಬಗ್ಗೆ ಚಿಂತೆ ಬೇಡ. ಹಿಂದಿ, ಒಡಿಯಾ, ಬಂಗಾಳಿ ಎಲ್ಲದರಲ್ಲೂ ಕ್ರಿಯಾಪದ ಕೊನೆಗೇ ಬರುತ್ತೆ. "ನನಗೆ ನೀರು ಬೇಕು" ಅನ್ನೋದು ಹಿಂದಿಯ ಅಚ್ಚಿಗೇ ಕೂರುತ್ತೆ. ಅಂಕಿಗಳೂ ಹಾಗೆಯೇ ಸುಲಭ: ಹಿಂದಿಯಲ್ಲಿ ನೂರರ ತನಕ ಒಂದೊಂದೂ ಬೇರೆ ಬೇರೆ ಬಾಯಿಪಾಠ, ಕನ್ನಡದಲ್ಲಿ ಇಪ್ಪತ್ತು ದಾಟಿದ ಮೇಲೆ ಹತ್ತರ ಗುಂಪಿಗೆ ಒಂದು ಎರಡು ಅಂಟಿಸಿದರೆ ಆಯ್ತು. ಇದನ್ನು ಮೊದಲೇ ಹೇಳಿ, ಮುಖ ಅರಳುತ್ತೆ.

ವಿಭಕ್ತಿ ಅಂತ ಹೆಸರೆತ್ತದೆ ಬಸ್ಸಿನ ಹೆಸರಲ್ಲಿ ಕಲಿಸಿ. ಕೋಲಾರಕ್ಕೆ, ನರಸಾಪುರಕ್ಕೆ. ಮಾಲೂರಿಗೆ, ಮುಳಬಾಗಿಲಿಗೆ. ಬಂಗಾರಪೇಟೆಗೆ, ಹೊಸಕೋಟೆಗೆ. ಹೆಸರು 'ಅ'ದಲ್ಲಿ ಮುಗಿದರೆ ಕ್ಕೆ, 'ಉ' ಆದರೆ ಇಗೆ, 'ಎ' ಆದರೆ ಗೆ. ಮೂರು ಗುಂಪಿಗೆ ಮೂರು ಮೂಲೆ ಮಾಡಿ, ಊರಿನ ಹೆಸರು ಕೂಗಿದಾಗ ಸರಿಯಾದ ಮೂಲೆಗೆ ಓಡಿಸಿ. ನಾಚಿಕೊಂಡೇ ಶುರು ಮಾಡುತ್ತಾರೆ, ಆಮೇಲೆ ನಿಲ್ಲಿಸೋದು ಕಷ್ಟ.

ಒಂದು ವಾಕ್ಯ ಮಾತ್ರ ಕಲಿಸಲೇಬೇಡಿ: "ಕನ್ನಡ ಗೊತ್ತಿಲ್ಲ." ಎಷ್ಟೋ ಕಡೆ ಮೊದಲ ಪಾಠವೇ ಇದು. ಇದು ಬಾಗಿಲು ಹಾಕುವ ಮಾತು. ಕೇಳಿದವರು ತಕ್ಷಣ ಹಿಂದಿಗೆ ಇಳಿಯುತ್ತಾರೆ, ಅಲ್ಲಿಗೆ ಮುಗೀತು. ಬದಲಿಗೆ "ಸ್ವಲ್ಪ ಸ್ವಲ್ಪ ಗೊತ್ತು, ನಿಧಾನಕ್ಕೆ ಹೇಳಿ" ಮತ್ತು "ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎರಡನ್ನೂ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಗಟ್ಟಿ ಮಾಡಿಸಿ.

ಬನ್ನಿ, ಬಾರೋ

ಕಲಿಸುವಾಗ ಬಹುವಚನ ಮಾತ್ರ: ಬನ್ನಿ, ಕೊಡಿ, ಹೇಳಿ, ನೀವು. ಜೊತೆಗೆ ಅಣ್ಣ, ಅಕ್ಕ, ಅಮ್ಮ, ಅಜ್ಜಿ, ಸಾರ್.

ಹೊಸಬರು ಅಂಗಡಿಯ ಅಜ್ಜಿಗೆ "ಏಯ್, ಹಾಲು ಕೊಡು" ಅಂದು ಜಗಳ ಆಗೋದುಂಟು. ಸೊಕ್ಕು ಅಂತ ಊರವರು ತಿಳೀತಾರೆ. ನಿಜ ಏನೆಂದರೆ ಅವರಿಗೆ ಯಾರೂ "ಬನ್ನಿ" ಅಂದಿಲ್ಲ. ಲೈನಿನಲ್ಲಿ, ಸೈಟಿನಲ್ಲಿ, ಬಾಡಿಗೆ ವಸೂಲಿಯಲ್ಲಿ ಕಿವಿಗೆ ಬಿದ್ದಿದ್ದೆಲ್ಲ "ಬಾರೋ, ಎತ್ತೋ, ಹೋಗೋ". ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ. ಸೂಪರ್‌ವೈಸರ್‌ಗಳು ಒಂದು ತಿಂಗಳು ಬಹುವಚನ ಬಳಸಿದರೆ ನಮ್ಮ ಅರ್ಧ ಕೆಲಸ ಮುಗಿದಂತೆ.

ಒಂದೇ ಕಡೆ ಏಕವಚನ ಕಲಿಸಲೇಬೇಕು: ಅಪಾಯದಲ್ಲಿ. "ಕೈ ತೆಗಿ! ನಿಲ್ಸು! ಹಿಂದೆ ಹೋಗು! ಹುಷಾರು! ಜಾರುತ್ತೆ! ಕರೆಂಟು!" ಪ್ರೆಸ್ ಮಷೀನ್ ಪಕ್ಕ ಕೂಗುವವರು "ದಯವಿಟ್ಟು ಕೈ ತೆಗೆಯಿರಿ" ಅನ್ನಲ್ಲ. ಇವನ್ನು ಅವರು ಹೇಳಬೇಕಿಲ್ಲ, ಕೇಳಿದ ಕ್ಷಣ ಮೈ ಹಿಂದಕ್ಕೆ ಹೋಗಬೇಕು. ಪಾಠದ ಮಧ್ಯೆ ಇದ್ದಕ್ಕಿದ್ದಂತೆ ಕೂಗಿ ಅಭ್ಯಾಸ ಮಾಡಿಸಿ. ಆಸ್ಪತ್ರೆಯ ಮಾತಿಗೂ ಒಂದು ಪೂರ್ತಿ ತರಗತಿ ಕೊಡಿ: ಎಲ್ಲಿ ನೋವು, ಎಷ್ಟು ದಿನದಿಂದ, ವಾಂತಿ, ಜ್ವರ, ಊಟಕ್ಕೆ ಮುಂಚೆ, ಊಟ ಆದ ಮೇಲೆ. 108ಕ್ಕೆ ಫೋನ್ ಮಾಡಿ ತಾನಿರುವ ಜಾಗ ಹೇಳುವ ನಾಟಕ ಪ್ರತಿಯೊಬ್ಬರೂ ಆಡಬೇಕು.

ನಾಲಿಗೆ ಎಲ್ಲಿ ತೊಡರುತ್ತೆ

ಯಾರು ಎಲ್ಲಿಯವರು ಅಂತ ಗೊತ್ತಿದ್ದರೆ ತಪ್ಪು ಎಲ್ಲಿ ಬರುತ್ತೆ ಅಂತ ಮೊದಲೇ ಹೇಳಬಹುದು. ಬಿಹಾರ, ಜಾರ್ಖಂಡ್, ಉತ್ತರಪ್ರದೇಶದವರು ಕೊನೆಯ 'ಅ' ನುಂಗುತ್ತಾರೆ: ನರ್ಸಾಪುರ್, ಕೋಲಾರ್. ಒಡಿಶಾದವರು ನುಂಗಲ್ಲ, ಆದರೆ ಅವರ 'ಅ' ದುಂಡಗೆ ಒಕಾರಕ್ಕೆ ವಾಲುತ್ತೆ, ಬಂಗಾಳಿಗಳದ್ದೂ ಹಾಗೇ. ಬಂಗಾಳಿಗಳಿಗೆ 'ವ' ಬದಲು 'ಬ' ಬರುತ್ತೆ, ವಾರ ಹೋಗಿ ಬಾರ ಆಗುತ್ತೆ. ಅಸ್ಸಾಮಿನವರಿಗೆ ತ-ಟ, ದ-ಡ ಬೇರೆ ಮಾಡೋದು ಕಷ್ಟ, 'ಚ' ಬದಲು 'ಸ' ಬರುತ್ತೆ. ಚೀಲ ಕೇಳಿದರೆ ಸೀಲ ಅನ್ನುತ್ತಾರೆ, ನಗಬೇಡಿ.

'ಳ' ಹಿಂದಿಯಲ್ಲೂ ಇಲ್ಲ, ಬಂಗಾಳಿಯಲ್ಲೂ ಇಲ್ಲ. ಒಡಿಯಾದಲ್ಲಿ ಇದೆ. ಹಾಗಾಗಿ ಳಕಾರದ ದಿನ ಒಡಿಶಾದವರನ್ನೇ ಮುಂದೆ ನಿಲ್ಲಿಸಿ, ಅವರು ಉಳಿದವರಿಗೆ ಹೇಳಿಕೊಡಲಿ. ಹಾಲು-ಹಾಳು, ಹಲ್ಲಿ-ಹಳ್ಳಿ, ಬೆಲೆ-ಬೆಳೆ. "ನಮ್ಮ ಹಲ್ಲಿ ದೊಡ್ಡದು" ಅಂದರೆ ಏನರ್ಥ ಅಂತ ಗೊತ್ತಾದ ಮೇಲೆ ಯಾರೂ ಮರೆಯಲ್ಲ.

ಎಲ್ಲರಿಗೂ ಕಷ್ಟ ಆಗೋದು ಹ್ರಸ್ವ-ದೀರ್ಘದ ಎ-ಏ, ಒ-ಓ. ಉತ್ತರದ ಈ ಯಾವ ಮಾತಿನಲ್ಲೂ ಆ ವ್ಯತ್ಯಾಸದಿಂದ ಅರ್ಥ ಬದಲಾಗಲ್ಲ. ನಮ್ಮಲ್ಲಿ ಬೆಳೆ ಹೊಲದಲ್ಲಿರುತ್ತೆ, ಬೇಳೆ ಸಾರಿನಲ್ಲಿ. ಒಲೆ ಅಡುಗೆಮನೆಯಲ್ಲಿ, ಓಲೆ ಕಿವಿಯಲ್ಲಿ. ಚಪ್ಪಾಳೆ ಹೊಡೆಸಿ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ದಿನಕ್ಕೆ ಐದೇ ನಿಮಿಷ, ಆದರೆ ದಿನವೂ. ಮಿಕ್ಕಂತೆ ಉಚ್ಚಾರ ತಿದ್ದೋದಕ್ಕೆ ಹೆಚ್ಚು ಹೊತ್ತು ಕಳೀಬೇಡಿ. ಅರ್ಥ ಕೆಡದಿದ್ದರೆ ಬಿಟ್ಟುಬಿಡಿ. ಕೋಲಾರದವರ ಕನ್ನಡಕ್ಕೆ ಮೈಸೂರಿನವರು ನಗುತ್ತಾರೆ. ಅದರಿಂದ ನಾವೇನು ಮಾತು ನಿಲ್ಲಿಸಿದ್ದೀವಾ?

ಅಕ್ಷರ: ಬಸ್ ಬೋರ್ಡಿನಿಂದ

ಮೂರನೇ ವಾರದ ತನಕ ಅಕ್ಷರ ಬೇಡ. ಆಮೇಲೂ ಅ ಆ ಇ ಈ ಬೇಡ. ತಮ್ಮ ಮಾತಿನಲ್ಲಿ ಓದುಬರಹ ಬಲ್ಲವರಿಗೆ ಕ ಖ ಗ ಘ ಸಾಲು, ಗುಣಿತದ ಉಪಾಯ ಎಲ್ಲ ಮೊದಲೇ ಗೊತ್ತು. ಆಕಾರ ಮಾತ್ರ ಹೊಸದು.

ಆರು ಊರಿನ ಹೆಸರು ತಗೊಳ್ಳಿ: ಕೋಲಾರ, ಮಾಲೂರು, ನರಸಾಪುರ, ವೇಮಗಲ್, ಹೊಸಕೋಟೆ, ಮುಳಬಾಗಿಲು. ಇಷ್ಟರಲ್ಲೇ 13 ವ್ಯಂಜನ, 8 ಸ್ವರಚಿಹ್ನೆ ಬಂದುಬಿಡುತ್ತವೆ. ದಿನಕ್ಕೊಂದು ಹೆಸರಿನಂತೆ ಎರಡು ವಾರ. ಅಕ್ಷರಗಳನ್ನು ರಟ್ಟಿನ ತುಂಡಿನ ಮೇಲೆ ಬರೆದು ಕಲಸಿ, ಹೊಸ ಪದ ಕಟ್ಟಿಸಿ: ಮರ, ಸಾಲು, ನಗ, ಬಾಗಿಲು. ಆಮೇಲೆ ಸೊನ್ನೆಗೆ ಬಂಗಾರಪೇಟೆ, ಒತ್ತಕ್ಷರಕ್ಕೆ ಚಿಕ್ಕಬಳ್ಳಾಪುರ, ಕೊನೆಗೆ ಶ್ರೀನಿವಾಸಪುರ. ವ-ಮ, ನ-ಸ, ಪ-ಷ ಗೊಂದಲ ಎಲ್ಲರಿಗೂ ಆಗುತ್ತೆ. ಆ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ, ಮಧ್ಯೆ ಒಂದು ವಾರ ಬಿಡಿ. ನರಸಾಪುರದಲ್ಲಿ ನ-ಸ ಒಟ್ಟಿಗೆ ಬರೋದರಿಂದ ಆ ದಿನ ನ ಮಾತ್ರ ಹೇಳಿ, ಸಾ ತುಂಡನ್ನು ಹಾಗೇ ಚಿತ್ರದಂತೆ ಗುರುತಿಸಲಿ.

ಇಲ್ಲೇ ಅಂಗಡಿ ಫಲಕದ ವಿಷಯ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ವಾಣಿಜ್ಯ ಫಲಕಗಳಲ್ಲಿ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 10 ಅಡಿ ಉದ್ದ, 4 ಅಡಿ ಎತ್ತರದ ಬೋರ್ಡಾದರೆ 40 ಚದರ ಅಡಿಯಲ್ಲಿ 24 ಕನ್ನಡಕ್ಕೆ. ಅಂದರೆ ಮೇಲಿನ 2 ಅಡಿ 5 ಅಂಗುಲದಷ್ಟು ಪಟ್ಟಿ. ಬೋರ್ಡಿಗೆ ಮಸಿ ಬಳಿಯುವವರಿಗಿಂತ ಈ ಲೆಕ್ಕ ಹಾಕಿ ಪಂಚಾಯ್ತಿಗೋ ನಗರಸಭೆಗೋ ಫೋಟೋ ಸಮೇತ ಅರ್ಜಿ ಕೊಡುವವರು ನಮಗೆ ಬೇಕು. ಆದರೂ ಓದುವವರೇ ಇಲ್ಲದ ಬೋರ್ಡು ಎಷ್ಟು ದೊಡ್ಡದಿದ್ದರೇನು? ತರಗತಿಯವರನ್ನು ಬಸ್ ಸ್ಟಾಪಿಗೆ ಕರೆದುಕೊಂಡು ಹೋಗಿ ಬೋರ್ಡುಗಳನ್ನು ಓದಿಸಿ.

ಊರವರ ಪಾಠ

ಅಂಗಡಿಯವರಿಗೆ ಒಂದೇ ನಿಯಮ: ಮೊದಲು ಕನ್ನಡ, ಆಮೇಲೆ ಬೆರಳು, ಕೊನೆಗೆ ಬೇಕಾದರೆ ಹಿಂದಿ. "ನಲವತ್ತು ರೂಪಾಯಿ" ಅಂದು ನಾಲ್ಕು ಬೆರಳು ತೋರಿಸಿ. ಎರಡನೇ ವಾರಕ್ಕೆ ಬೆರಳು ಬೇಡವಾಗುತ್ತೆ. ತರಗತಿ ಇರುವ ಬೀದಿಯ ಹತ್ತು ಅಂಗಡಿಗೆ ಮೊದಲೇ ಹೋಗಿ ಹೇಳಿ, ಈ ವಾರ ಏನು ಕಲಿಸಿದ್ದೀವಿ ಅಂತ ಒಂದು ಚೀಟಿ ಕೊಡಿ. ಇದಿಲ್ಲದೆ ಹೋದರೆ ಒಳಗೆ ಕಲಿತದ್ದನ್ನು ಹೊರಗೆ ಬಳಸೋಕೆ ಹೋದವನಿಗೆ ಅಂಗಡಿಯವರು ಹಿಂದಿಯಲ್ಲೇ ಉತ್ತರ ಕೊಡುತ್ತಾರೆ. ಸಹಾಯ ಮಾಡಿದೆವು ಅಂದುಕೊಂಡೇ ಕೊಡುತ್ತಾರೆ, ಪಾಪ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಜಾ ಇದೆ. ಇಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಕೆ.ಜಿ.ಎಫ್. ಕಡೆ ತಮಿಳು, ಬರೆಯೋದು ಕನ್ನಡ. ಮಾಲೂರು ತಾಲ್ಲೂಕಿನ ಮಾಸ್ತಿ ಊರಿನಿಂದ ಬಂದು ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರದ್ದೂ ಅದೇ. ಹಾಗಾಗಿ ಕಲಿಸುವವರನ್ನು ಹುಡುಕುವಾಗ "ಅಪ್ಪಟ ಕನ್ನಡದವರೇ" ಬೇಕು ಅಂತ ಹಠ ಬೇಡ. ಶಾಲೆಗೆ ಬಂದ ಮೇಲೆ ಕನ್ನಡ ಕಲಿತ ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯವರು ಎಷ್ಟೋ ಸಲ ಚೆನ್ನಾಗಿ ಕಲಿಸುತ್ತಾರೆ. ಎಲ್ಲಿ ಎಡವುತ್ತೆ ಅಂತ ಅವರಿಗೆ ಗೊತ್ತು.

"ನಮ್ಮ ಹುಡುಗರಿಗೆ ಕೆಲಸ ಇಲ್ಲ, ಇವರಿಗೆ ಬಿಟ್ಟಿ ಕ್ಲಾಸು ಬೇರೆ" ಅನ್ನುವವರು ಬಂದೇ ಬರುತ್ತಾರೆ. ಅವರನ್ನು ತಳ್ಳಬೇಡಿ, ಸಿಟ್ಟಿಗೆ ಕಾರಣ ಇದೆ. ಭೂಮಿ ಕೊಟ್ಟ ಮನೆಯವರೂ ಅವರಲ್ಲಿರುತ್ತಾರೆ. ಆದರೆ ಸ್ಥಳೀಯರಿಗೆ ಉದ್ಯೋಗದ ಪ್ರಶ್ನೆ ಕಂಪನಿಗೂ ಸರ್ಕಾರಕ್ಕೂ ಸೇರಿದ್ದು. ಸರೋಜಿನಿ ಮಹಿಷಿ ಸಮಿತಿ 58 ಶಿಫಾರಸು ಕೊಟ್ಟು ದಶಕಗಳಾದವು. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಅನ್ನುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿಯಿತು. ಅರ್ಜಿ ಹೋಗಬೇಕಾದ್ದು ಅಲ್ಲಿಗೆ. ಗುತ್ತಿಗೆದಾರನ ಮೂಲಕ ಬಂದು ತಗಡಿನ ಶೆಡ್ಡಿನಲ್ಲಿ ಮಲಗುವವನ ಹತ್ತಿರ ಆ ಕಡತ ಇಲ್ಲ. ಆ ಮಸೂದೆಯ 'ಸ್ಥಳೀಯ'ದ ವ್ಯಾಖ್ಯೆಯಲ್ಲೂ ಮನೆಮಾತಿನ ಪ್ರಶ್ನೆ ಇರಲಿಲ್ಲ. ಇಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲೇ ಇದ್ದಿರಬೇಕು, ಕನ್ನಡ ಮಾತು, ಓದು, ಬರಹ ಬರಬೇಕು ಅಂತಿತ್ತು. ದೂರು ಹೇಳಲು ಬಂದ ಹುಡುಗರಿಗೆ ಕುರ್ಚಿ ಕೊಟ್ಟು, ಅಂಗಡಿಯವನ ಪಾತ್ರ ಮಾಡಿ ಅಂತ ಕೇಳಿ. ಕೆಲವರು ಮಾಡುತ್ತಾರೆ.

ಸಂಸಾರ ಸಮೇತ ಬಂದವರ ಮಕ್ಕಳ ವಿಷಯ ಚಿಕ್ಕದಾಗಿ: ತರಗತಿಗೆ ಕೂರಿಸಬೇಡಿ, ಶಾಲೆಗೆ ಸೇರಿಸಿ. ಟಿ.ಸಿ. ಇಲ್ಲ, ಹುಟ್ಟಿದ ದಿನದ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಅಂತಲೂ ಇದೆ. ಆರು ತಿಂಗಳಲ್ಲಿ ಅಪ್ಪ ಅಮ್ಮನಿಗೆ ದುಭಾಷಿ ಆಗುವವರು ಅವರೇ.

ಕೊನೆಯ ವಾರ

ಬರಹದ ಪರೀಕ್ಷೆ ಬೇಡ. ಹೊರಗೆ ನಾಲ್ಕು ಕೆಲಸ ಕೊಡಿ, ಹಿಂದಿ ಬಳಸದೆ ಮುಗಿಸಬೇಕು: ಬೋರ್ಡು ಓದಿ ಬಸ್ ಹತ್ತಿ ಟಿಕೆಟ್ ಕೇಳೋದು, ಅರ್ಧ ಕೆ.ಜಿ. ಬೇಳೆ ತಂದು ಚಿಲ್ಲರೆ ಲೆಕ್ಕ ಹೇಳೋದು, ಔಷಧಿ ಅಂಗಡಿಯಲ್ಲಿ ಮಾತ್ರೆ ಯಾವಾಗ ತಗೋಬೇಕು ಅಂತ ಕೇಳಿ ಬರೋದು, ಮನೆ ಮಾಲೀಕರ ಹತ್ತಿರ ನೀರು ಬರ್ತಿಲ್ಲ ಅಂತ ಹೇಳೋದು. ಮೂರು ಆದರೆ ಪಾಸು. ನೀರಿನದು ಮಾತ್ರ ಕನ್ನಡ ಸರಿಯಿದ್ದರೂ ಕೆಲವೊಮ್ಮೆ ಆಗಲ್ಲ.

15 ಜನರಲ್ಲಿ ಕೊನೆಗೆ ಏಳೆಂಟು ಜನ ಉಳಿದರೆ ಬೇಸರ ಬೇಡ. ಗುತ್ತಿಗೆ ಮುಗಿದು ಹೋಗುವವರು ಹೋಗುತ್ತಾರೆ. ಹೋದವರನ್ನೂ ವಾಟ್ಸಾಪ್ ಗುಂಪಿನಲ್ಲಿ ಇಟ್ಟುಕೊಂಡು ದಿನಕ್ಕೊಂದು ಅರ್ಧ ನಿಮಿಷದ ಧ್ವನಿ ಸಂದೇಶ ಹಾಕಿ, ಅವರು ತಿರುಗಿ ಹೇಳಿ ಕಳಿಸಲಿ. ಉಳಿದ ಏಳೆಂಟರಲ್ಲಿ ಬಾಯಿ ಜೋರಿರುವ ಇಬ್ಬರನ್ನು ಆರಿಸಿ: ಒಬ್ಬರು ಒಡಿಯಾದವರು, ಒಬ್ಬರು ಹಿಂದಿ ಅಥವಾ ಬಂಗಾಳಿಯವರು. ಜುಲೈ ತಂಡದ ಮೊದಲ ದಿನ ಚೀಲದಿಂದ ಉಪ್ಪಿನ ಪೊಟ್ಟಣ ತೆಗೆದು "ಬೇಕಾ, ಬೇಡವಾ?" ಅಂತ ಕೇಳುವವರು ಅವರೇ ಆಗಿರಲಿ, ನೀವು ಹಿಂದಿನ ಸಾಲಿನಲ್ಲಿ ಕೂತು ಹಾಜರಿ ಬರೆದುಕೊಳ್ಳಿ.